ಹೊತ್ತು ಮುಳುಗುವಾಗ ಅವ್ವ "ಮನೀಗಿ ಹೋಗ್ತೇನಿ" ಅಂತ ಹಟ ಹಿಡಿಯುತ್ತಾಳೆ, ಗುಳಿಗೆ ಇಲ್ಲದೆ ಏನು ಮಾಡಬಹುದು?

ನವನಗರದ ಮಗಳು | ರವಿವಾರ, ರಾತ್ರಿ 10:40

ಎಲ್ಲರಿಗೂ ನಮಸ್ಕಾರ. ನಾನಿರುವುದು ಬೆಳಗಾವಿಯಲ್ಲಿ, ತವರು ಬಾಗಲಕೋಟೆ. ಅವ್ವನಿಗೆ 78 ವರ್ಷ. ನಾಲ್ಕು ವರ್ಷದ ಹಿಂದೆ ಆಲ್ಝೈಮರ್, ಅಂದರೆ ಮರೆವಿನ ಕಾಯಿಲೆ ಅಂದರು. ಮೂರು ವರ್ಷ ಮನೆಯಲ್ಲೇ ನೋಡಿಕೊಂಡೆವು. ಗ್ಯಾಸ್ ಹಚ್ಚಿ ಮರೆಯುವುದು, ನಡುರಾತ್ರಿ ಚಿಲಕ ತೆಗೆದು ರಸ್ತೆಗೆ ಹೋಗುವುದು ಶುರುವಾದಾಗ ನಮ್ಮ ಕೈ ಮೀರಿತು. ಏಳು ತಿಂಗಳಿಂದ ಊರ ಹೊರಗಿನ ಒಂದು ಆರೈಕೆ ಕೇಂದ್ರದಲ್ಲಿದ್ದಾಳೆ. ಸೇರಿಸಿ ಬಂದ ದಿನ ನನಗೆ ಊಟ ಸೇರಲಿಲ್ಲ. ಅದನ್ನು ಇಲ್ಲಿ ಬಿಡಿಸಿ ಹೇಳಬೇಕಿಲ್ಲ, ನಿಮಗೆಲ್ಲ ಗೊತ್ತಿರುತ್ತದೆ.

ಈಗಿನ ತೊಂದರೆ ಇದು. ದಿನಾ ಸಂಜೆ ಐದರ ಹೊತ್ತಿಗೆ ಅವ್ವ ಗೇಟಿನ ಹತ್ತಿರ ಹೋಗಿ ನಿಲ್ಲುತ್ತಾಳೆ. "ಹೊತ್ತು ಮುಳಗಾಕ ಬಂತು, ಮನೀಗಿ ಹೋಗ್ತೇನಿ, ಹುಡುಗೂರು ಹಸದಿರ್ತಾವ" ಅನ್ನುತ್ತಾಳೆ. ಕೈ ಹಿಡಿದು ಒಳಗೆ ಕರೆದರೆ ಹೊಡೆಯುತ್ತಾಳೆ. ಹೋದ ವಾರ ಒಬ್ಬ ಆಯಾಳ ಕೈ ಪರಚಿದ್ದಾಳೆ. ಸ್ನಾನಕ್ಕೆ ಕರೆದರೆ ಇಡೀ ಕಟ್ಟಡಕ್ಕೆ ಕೇಳುವಂತೆ ಚೀರುತ್ತಾಳೆ. ಮೂರನೆಯದು, ತನ್ನ ಪಾಟ್ಲಿ ಬಳೆ ಕದ್ದರು ಅಂತ ಎಲ್ಲರ ಮೇಲೂ ಹೊರಿಸುತ್ತಾಳೆ. ಪಾಟ್ಲಿ ನನ್ನ ಲಾಕರಿನಲ್ಲಿವೆ.

ಇನ್ನೊಂದು ಮಾತು. ಅವಳು ಹೋಗಬೇಕೆನ್ನುವ ಮನೆ ಈಗ ಇಲ್ಲ. ಹಳೇ ಬಾಗಲಕೋಟೆಯ ನಮ್ಮ ಓಣಿ ಆಲಮಟ್ಟಿ ಹಿನ್ನೀರಿಗೆ ಹೋಯಿತು. ನಾವು ನವನಗರಕ್ಕೆ ಬಂದೆವು. ನವನಗರದ ಮನೆಯನ್ನು ಅವ್ವ "ಸೆಕ್ಟರ್ ಮನಿ" ಅಂದಳೇ ಹೊರತು ಒಂದು ದಿನವೂ "ನಮ್ಮನಿ" ಅನ್ನಲಿಲ್ಲ.

ಶುಕ್ರವಾರ ಕೇಂದ್ರದವರು ಕರೆದು, "ಡಾಕ್ಟರಿಗೆ ಹೇಳಿ ಸುಮ್ಮನಾಗೋ ಗುಳಿಗಿ ಶುರು ಮಾಡ್ರಿ, ಇಲ್ಲಾಂದ್ರ ಕರಕೊಂಡು ಹೋಗ್ರಿ" ಅಂದರು. ಹದಿನೈದು ದಿನ ಟೈಮ್ ಕೇಳಿದ್ದೇನೆ. ಗುಳಿಗೆ ಇಲ್ಲದೆ ಏನಾದರೂ ಮಾಡಿ ನೋಡಿದವರು ದಯವಿಟ್ಟು ಬರೆಯಿರಿ.

ವಿಜಯಪುರದ ಸೊಸೆ | ರವಿವಾರ, ರಾತ್ರಿ 11:15

ತಂಗೀ, ಅತ್ತೆಯವರನ್ನು ಒಂಬತ್ತು ವರ್ಷ ನೋಡಿಕೊಂಡವಳು ನಾನು. ಕೊನೆಯ ಎರಡು ವರ್ಷ ಅವರೂ ಒಂದು ಕೇಂದ್ರದಲ್ಲಿದ್ದರು. ಸ್ನಾನದ ಬಗ್ಗೆ ನಾಳೆ ಬಿಡುವಾಗಿ ಬರೆಯುತ್ತೇನೆ. ಈಗ ಒಂದೇ ಪ್ರಶ್ನೆ. ಇದು ಮೆಲ್ಲಗೆ ಜಾಸ್ತಿ ಆಗಿದ್ದಾ, ಇಲ್ಲಾ ಒಮ್ಮೆಲೇ ಬಂದಿದ್ದಾ?

ನವನಗರದ ಮಗಳು | ರವಿವಾರ, ರಾತ್ರಿ 11:22

ಮನೆಗೆ ಹೋಗುತ್ತೇನೆ ಅನ್ನುವುದು ಮೊದಲಿನಿಂದಲೂ ಇದೆ ಅಕ್ಕಾ. ಹೊಡೆಯುವುದು, ಸ್ನಾನಕ್ಕೆ ಚೀರುವುದು ಮಾತ್ರ ಮೂರು ವಾರದಿಂದ.

ವಾರ್ಡ್ ಸಿಸ್ಟರ್ | ಸೋಮವಾರ, ಬೆಳಿಗ್ಗೆ 8:05

ರಾತ್ರಿ ಪಾಳಿ ಮುಗಿಸಿ ಬಂದು ಓದಿದೆ. ಹತ್ತೊಂಬತ್ತು ವರ್ಷದಿಂದ ನರ್ಸ್ ಕೆಲಸ, ಅದರಲ್ಲಿ ಜಾಸ್ತಿ ವಯಸ್ಸಾದವರ ಜೊತೆಗೇ. ಸೊಸೆ ಅಕ್ಕ ಕೇಳಿದ್ದು ಸರಿಯಾದ ಮೊದಲ ಪ್ರಶ್ನೆ. "ಮೂರು ವಾರದಿಂದ" ಅಂದರೆ ಮೂರು ವಾರದ ಹಿಂದೆ ಏನೋ ಆಗಿದೆ. ಅದನ್ನು ಹುಡುಕದೆ ಗುಳಿಗೆ ಶುರು ಮಾಡಬೇಡಿ.

ಗಂಟೆಗಳಲ್ಲಿ, ದಿನಗಳಲ್ಲಿ ಮನುಷ್ಯ ಬದಲಾದರೆ ಅದು ಬರೀ ಮರೆವಿನ ಕಾಯಿಲೆ ಆಗಿರಲಿಕ್ಕಿಲ್ಲ. ಡೆಲಿರಿಯಂ ಅನ್ನುತ್ತೇವೆ. ಮೂತ್ರದ ಸೋಂಕು, ಎದೆಯ ಸೋಂಕು, ನಾಲ್ಕು ದಿನ ಹೊಟ್ಟೆ ಸರಿಯಾಗಿ ಹೋಗದಿರುವುದು, ನೀರು ಕಡಿಮೆ ಕುಡಿಯುವುದು, ರಕ್ತದಲ್ಲಿ ಸೋಡಿಯಂ ಇಳಿಯುವುದು. ಇದರಲ್ಲಿ ಒಂದಾದರೂ ಸಾಕು. ವಯಸ್ಸಾದವರಿಗೆ ಸೋಂಕಿದ್ದರೂ ಜ್ವರ ಬರದೇ ಇರಬಹುದು. ಹೊಸ ಮಾತ್ರೆಯಿಂದಲೂ ಆಗುತ್ತದೆ. ನೆಗಡಿಗೆ ಕೊಡುವ, ನಿದ್ದೆ ಬರಿಸುವಂಥ ಅಲರ್ಜಿ ಮಾತ್ರೆ, ಮೂತ್ರ ತಡೆಯಲು ಕೊಡುವ ಕೆಲವು ಮಾತ್ರೆ ಇಂಥವರ ತಲೆಯನ್ನು ಇನ್ನೂ ಗೊಂದಲ ಮಾಡುತ್ತವೆ. ಎಲ್ಲ ಮಾತ್ರೆಗಳ ಚೀಟಿ ಹಿಡಿದುಕೊಂಡು ಡಾಕ್ಟರ ಹತ್ತಿರ ಹೋಗಿ.

ಎರಡನೆಯದು ನೋವು. ನಿಮ್ಮ ಅವ್ವನಿಗೆ "ಇಲ್ಲಿ ನೋಯ್ತದ" ಅಂತ ಹೇಳಲು ಆಗುತ್ತಿಲ್ಲದಿರಬಹುದು. ಆಗ ನಾವೇ ನೋಡಬೇಕು. ಉಸಿರು ಹೇಗಿದೆ, ನರಳುತ್ತಾಳಾ, ಮುಖ ಕಿವುಚುತ್ತಾಳಾ, ಮುಷ್ಟಿ ಬಿಗಿ ಹಿಡಿಯುತ್ತಾಳಾ, ಸಮಾಧಾನ ಮಾಡಿದರೆ ಆಗುತ್ತಾಳಾ. ಈ ಐದನ್ನು ನೋಡಿ ಅಂಕ ಕೊಡುವ ಪದ್ಧತಿಯೇ ಇದೆ. ನಾರ್ವೆಯ 18 ನರ್ಸಿಂಗ್ ಹೋಮ್‌ಗಳಲ್ಲಿ 352 ಜನರ ಮೇಲೆ ಒಂದು ಅಧ್ಯಯನ ಮಾಡಿದರು, 2011ರಲ್ಲಿ ಪ್ರಕಟವಾಯಿತು. ಎಲ್ಲರೂ ಮರೆವಿನ ಜೊತೆಗೆ ಸಿಟ್ಟು, ಚಡಪಡಿಕೆ ಇದ್ದವರು. ಅರ್ಧ ಜನರಿಗೆ ಎಂಟು ವಾರ ಕ್ರಮವಾಗಿ ನೋವಿಗೆ ಮದ್ದು ಕೊಟ್ಟರು. ಬಹಳಷ್ಟು ಜನರಿಗೆ ಕೊಟ್ಟಿದ್ದು ಬರೀ ಪ್ಯಾರಾಸಿಟಮಾಲ್. ಆ ಗುಂಪಿನಲ್ಲಿ ಚಡಪಡಿಕೆ ಸರಾಸರಿ ಶೇ. 17ರಷ್ಟು ಇಳಿಯಿತು. ಅಂದರೆ ನಾವು "ಹಟ" ಅನ್ನುವುದರಲ್ಲಿ ನೋವೂ ಇರುತ್ತದೆ.

ಮೂರನೆಯದು, ಒಂದು ನೋಟ್‌ಬುಕ್ ತಗೊಳ್ಳಿ. "ಇವತ್ತೂ ಗಲಾಟೆ ಮಾಡಿದರು" ಅಂತ ಬರೆದರೆ ಏನೂ ಗೊತ್ತಾಗುವುದಿಲ್ಲ. ಎಷ್ಟು ಗಂಟೆಗೆ, ಎಲ್ಲಿ, ಹತ್ತಿರ ಯಾರಿದ್ದರು, ಅದಕ್ಕಿಂತ ಹತ್ತು ನಿಮಿಷ ಮೊದಲು ಏನು ನಡೆಯಿತು, ಆಮೇಲೆ ಹೇಗೆ ಸುಮ್ಮನಾದಳು. ಇಷ್ಟು ಬರೆಯಿರಿ. ಹತ್ತು ದಿನ ಸಾಕು. ಆ "ಹತ್ತು ನಿಮಿಷ ಮೊದಲು" ಅನ್ನುವ ಸಾಲಿನಲ್ಲೇ ಉತ್ತರ ಸಿಗುವುದನ್ನು ನಾನು ಬಹಳ ಸಲ ನೋಡಿದ್ದೇನೆ.

ಚಿಕ್ಕೋಡಿ ಕಡೆಯವ | ಸೋಮವಾರ, ಬೆಳಿಗ್ಗೆ 9:30

ಸಿಸ್ಟರ್, ನೀವು ಹೇಳುವುದು ಓದಲು ಚೆನ್ನಾಗಿದೆ. ಆದರೆ ನಮ್ಮ ಅಪ್ಪ ವೈನಿಯ ಮಣಿಕಟ್ಟು ಮುರಿದರು. ಆರು ಅಡಿ ಆಳು, ಕಬ್ಬು ಕಡಿದ ಕೈ. ರಾತ್ರಿ ಎರಡಕ್ಕೆ ಕುಡುಗೋಲು ಹುಡುಕುತ್ತಿದ್ದರು. ಆ ಹೊತ್ತಿಗೆ ನೋಟ್‌ಬುಕ್ಕಿನಲ್ಲಿ ಏನು ಬರೆಯಲಿ? ಗುಳಿಗೆ ಶುರು ಮಾಡಿದ ಮೇಲೆ ಮನೆಯವರು ನಿದ್ದೆ ಕಂಡರು. ಗುಳಿಗೆ ಕೊಟ್ಟವರೆಲ್ಲ ತಪ್ಪು ಮಾಡಿದರು ಅನ್ನುವ ಹಾಗೆ ಇಲ್ಲಿ ಯಾರೂ ಬರೆಯಬೇಡಿ. ನನಗೆ ಬಹಳ ಸಂಕಟ ಆಗುತ್ತದೆ.

ವಾರ್ಡ್ ಸಿಸ್ಟರ್ | ಸೋಮವಾರ, ಸಂಜೆ 4:50

ಅಣ್ಣಾ, ನೀವು ತಪ್ಪು ಮಾಡಲಿಲ್ಲ. ಜೀವಕ್ಕೆ ಅಪಾಯ ಇದ್ದಾಗ, ಉಳಿದದ್ದು ಯಾವುದೂ ನಡೆಯದಿದ್ದಾಗ ಗುಳಿಗೆ ಬೇಕಾಗುತ್ತದೆ. ಕಡಿಮೆ ಡೋಸ್, ಕಡಿಮೆ ದಿನ, ಆಗಾಗ ಡಾಕ್ಟರ್ ನೋಡಬೇಕು. ಈಗ ತೆಗೆದುಕೊಳ್ಳುತ್ತಿರುವವರು ಇದನ್ನು ಓದಿ ನಾಳೆಯಿಂದಲೇ ನಿಲ್ಲಿಸಬೇಡಿ. ಡಾಕ್ಟರನ್ನು ಕೇಳಿ ಮೆಲ್ಲಗೆ ಇಳಿಸಬೇಕು.

ಆದರೆ ಆ ಸುಮ್ಮನಾಗಿಸುವ ಗುಳಿಗೆ (ಆಂಟಿಸೈಕೋಟಿಕ್ ಅನ್ನುತ್ತೇವೆ) ಸಾದಾ ಗುಳಿಗೆ ಅಲ್ಲ ಅನ್ನುವುದೂ ಗೊತ್ತಿರಬೇಕು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 17 ಅಧ್ಯಯನಗಳನ್ನು ಒಟ್ಟಿಗೆ ನೋಡಿತು. ಸುಮಾರು ಹತ್ತು ವಾರದಲ್ಲಿ, ಈ ಗುಳಿಗೆ ತೆಗೆದುಕೊಂಡ ಮರೆವಿನ ರೋಗಿಗಳಲ್ಲಿ ಶೇ. 4.5ರಷ್ಟು ಜನ ತೀರಿಕೊಂಡರು. ಮದ್ದೇ ಇಲ್ಲದ ಹುಸಿ ಗುಳಿಗೆ ತೆಗೆದುಕೊಂಡವರಲ್ಲಿ ಶೇ. 2.6. ಅದಕ್ಕೇ 2005ರಲ್ಲಿ ಹೊಸ ಬಗೆಯ ಗುಳಿಗೆಗಳ ಮಾಹಿತಿ ಚೀಟಿಯಲ್ಲಿ ಚೌಕಟ್ಟು ಹಾಕಿದ ಎಚ್ಚರಿಕೆ ಬಂತು. 2008ರಲ್ಲಿ ಹಳೇ ಬಗೆಯವುಗಳಿಗೂ ಹಾಕಿದರು. ಬೀಳುವುದು, ಪಾರ್ಶ್ವವಾಯು, ಇಡೀ ದಿನ ಮಂಕಾಗಿ ಕೂರುವುದು ಬೇರೆ. ಇನ್ನೊಂದು, ಸಂಜೆ ಗೇಟಿಗೆ ಹೋಗುವುದು, "ಮನೀಗಿ ಹೋಗ್ತೇನಿ" ಅನ್ನುವುದು ಈ ಗುಳಿಗೆಯಿಂದ ವಾಸಿ ಆಗುವಂಥದ್ದಲ್ಲ. ನಿದ್ದೆಗೆ ಹೋದರೆ ಗೇಟಿಗೆ ಹೋಗುವುದಿಲ್ಲ, ಅಷ್ಟೇ.

ಇಂಡಿ ತಾಲೂಕಿನ ಮಗ | ಸೋಮವಾರ, ಸಂಜೆ 6:20

ನಮ್ಮ ಅಪ್ಪನಿಗೆ ಲ್ಯೂಯಿ ಬಾಡಿ ಅನ್ನುವ ಬಗೆಯ ಡಿಮೆನ್ಷಿಯಾ (ಮರೆವಿನ ಕಾಯಿಲೆ). ಅದು ನಮಗೆ ಆಮೇಲೆ ಗೊತ್ತಾಯಿತು. ಕೋಣೆಯಲ್ಲಿ ಸಣ್ಣ ಮಕ್ಕಳು ಓಡಾಡುತ್ತಿದ್ದಾರೆ ಅಂತ ಹೇಳುತ್ತಿದ್ದರು. ಒಂದು ಕಡೆ ದಾಖಲು ಮಾಡಿದಾಗ ಹ್ಯಾಲೋಪೆರಿಡಾಲ್ ಇಂಜೆಕ್ಷನ್ ಕೊಟ್ಟರು, ಸಿಸ್ಟರ್ ಹೇಳಿದ ಹಳೇ ಬಗೆಯ ಮದ್ದೇ. ಮರುದಿನ ಕೈಕಾಲು ಕಟ್ಟಿಗೆಯಾಗಿದ್ದವು. ನುಂಗಲು ಆಗಲಿಲ್ಲ. ಎರಡು ವಾರ ಬೇಕಾಯಿತು ಎದ್ದು ಕೂರಲು. ಈ ಬಗೆಯವರಿಗೆ ಆ ಮದ್ದು ಬಹಳ ಕೆಟ್ಟದ್ದು. ಇಲ್ಲದ್ದು ಕಾಣುವುದು, ಒಂದು ದಿನ ಚುರುಕು ಒಂದು ದಿನ ಮಂಕು, ನಡಿಗೆ ನಿಧಾನ, ನಿದ್ದೆಯಲ್ಲಿ ಒದ್ದಾಟ. ಇವು ಇದ್ದರೆ ಡಾಕ್ಟರಿಗೆ ಮೊದಲೇ ಹೇಳಿ.

ಆ ಮಕ್ಕಳ ವಿಷಯ. ಅಪ್ಪನಿಗೆ ಅವರ ಹೆದರಿಕೆ ಇರಲಿಲ್ಲ, ಹೆದರುತ್ತಿದ್ದವರು ನಾವು. ಸಂಜೆ ದೀಪ ಬೇಗ ಹಚ್ಚಿ, ಗೂಟಕ್ಕೆ ನೇತು ಹಾಕಿದ ಅಂಗಿ ಟವೆಲ್ ತೆಗೆದಿಟ್ಟೆವು. ಅರ್ಧ ಮಕ್ಕಳು ಹೋದರು. ಉಳಿದವರಿಗೆ ಅಪ್ಪ ಶೇಂಗಾ ಕೊಡು ಅನ್ನುತ್ತಿದ್ದರು, ಕೊಡುತ್ತಿದ್ದೆವು.

ವಿಜಯಪುರದ ಸೊಸೆ | ಸೋಮವಾರ, ರಾತ್ರಿ 9:45

ಸ್ನಾನದ ವಿಷಯ ಬರೆಯುತ್ತೇನೆ ಅಂದಿದ್ದೆ.

ತಂಗೀ, ಮೊದಲು ಆ ಬಚ್ಚಲಮನೆಯನ್ನು ನಿಮ್ಮ ಅವ್ವನ ಕಣ್ಣಿಂದ ನೋಡು. ಅವರು ಹುಟ್ಟಿದಾಗಿನಿಂದ ಹಂಡೆಯ ಬಿಸಿನೀರು, ತಂಬಿಗೆ, ಕೂರಲು ಮಣೆ. ಮೈಮೇಲೆ ಒಂದು ಹಳೇ ಸೀರೆ ಸುತ್ತಿಕೊಂಡೇ ನೀರು ಹಾಕಿಕೊಂಡವರು. ಈಗ ಗುರುತಿಲ್ಲದ ಹೆಂಗಸೊಬ್ಬಳು ಬಂದು ಮೈಮೇಲಿನದೆಲ್ಲ ತೆಗೆದು, ತಲೆಯ ಮೇಲಿಂದ ಷವರ್ ಬಿಡುತ್ತಾಳೆ. ನೀರು ಎಲ್ಲಿಂದ ಬಂತು ಅಂತ ಅವರಿಗೆ ತಿಳಿಯುವುದಿಲ್ಲ. ನನಗೆ ಹಾಗೆ ಮಾಡಿದರೆ ನಾನೂ ಚೀರುತ್ತೇನೆ.

ನಮ್ಮ ಅತ್ತೆಯವರು ಸ್ನಾನದ ಹೊತ್ತಿಗೆ ಕಚ್ಚುತ್ತಿದ್ದರು. ನಾವು ಮಾಡಿದ್ದು ಹೀಗೆ. ಷವರ್ ಬಂದ್. ಬಕೆಟ್ಟು, ತಂಬಿಗೆ. ಬಚ್ಚಲು ಮೊದಲೇ ಬೆಚ್ಚಗೆ ಮಾಡಿ, ಫ್ಯಾನ್ ನಿಲ್ಲಿಸಿ, ಎಲ್ಲ ಸಾಮಾನು ಕೈಗೆ ಸಿಗುವ ಹಾಗೆ ಇಟ್ಟುಕೊಂಡು ಆಮೇಲೆ ಕರೆಯುವುದು. ಹೋದ ಮೇಲೆ ಸೋಪು ಹುಡುಕುವುದು, ಟವೆಲ್ ತರಲು ಓಡುವುದು ಇಲ್ಲ. ನೀರನ್ನು ಮೊದಲು ಅವರ ಕೈಮೇಲೆ, ಆಮೇಲೆ ಪಾದಕ್ಕೆ. ಮೈಮೇಲೆ ತೆಳ್ಳನೆ ಸೀರೆ ಇರಲಿ, ಅದರ ಮೇಲೆಯೇ ನೀರು ಹಾಕಬಹುದು. ತಲೆಗೆ ನೀರು ಅದೇ ದಿನ ಬೇಡ. ನಮ್ಮವರಿಗೆ ಶುಕ್ರವಾರ ತಲೆಸ್ನಾನ ರೂಢಿ. "ಇವತ್ತು ಶುಕ್ರವಾರ ರೀ ಅತ್ಯಾರ" ಅಂದರೆ ತಾವೇ ಹೆರಳು ಬಿಚ್ಚುತ್ತಿದ್ದರು. ಬಾಕಿ ದಿನ ತಲೆ ಮುಟ್ಟುತ್ತಿರಲಿಲ್ಲ. ತಂಬಿಗೆಯನ್ನು ಅವರ ಕೈಗೇ ಕೊಡುವುದು ಎಲ್ಲಕ್ಕಿಂತ ಮುಖ್ಯ. ತಂಬಿಗೆ ಹಿಡಿದ ಕೈ ಹೊಡೆಯುವುದಿಲ್ಲ.

ತೀರಾ ಆಗದ ದಿನ ಬಚ್ಚಲಿಗೇ ಹೋಗಬೇಡಿ. ಬಿಸಿನೀರಲ್ಲಿ ಹಿಂಡಿದ ದೊಡ್ಡ ಟವೆಲ್ ಹೊದಿಸಿ, ಮಂಚದ ಮೇಲೆಯೇ ಒಂದೊಂದು ಭಾಗ ಒರೆಸಿ. ಮೈ ಪೂರ್ತಿ ತೆರೆಯುವುದೇ ಬೇಡ. ಅಮೆರಿಕದ ನರ್ಸಿಂಗ್ ಹೋಮ್‌ಗಳಲ್ಲಿ ಈ ಟವೆಲ್ ಸ್ನಾನವನ್ನೂ, ಆಯಾ ವ್ಯಕ್ತಿಯ ರೂಢಿ ನೋಡಿ ಮಾಡಿಸುವ ಸ್ನಾನವನ್ನೂ ಹೋಲಿಸಿ ನೋಡಿದ್ದಾರೆ, 2004ರಲ್ಲಿ ಬಂದ ಅಧ್ಯಯನ. ಎರಡರಲ್ಲೂ ಹೊಡೆಯುವುದು, ಚೀರುವುದು ಕಡಿಮೆ ಆಯಿತಂತೆ. ನನಗೆ ಆಗ ಆ ಅಧ್ಯಯನ ಗೊತ್ತಿರಲಿಲ್ಲ. ಮಗಳು ಹುಟ್ಟಿದಾಗ ಬಾಣಂತನದಲ್ಲಿ ನಮ್ಮವ್ವ ನನ್ನನ್ನು ಒರೆಸಿದ್ದು ನೆನಪಿತ್ತು, ಅದನ್ನೇ ಮಾಡಿದೆ.

ದಿನಾ ಸ್ನಾನ ಆಗಲೇಬೇಕು ಅಂತ ಎಲ್ಲೂ ಇಲ್ಲ. ವಿಜಯಪುರದ ಏಪ್ರಿಲ್ ಬಿಸಿಲಲ್ಲಿ ನನಗೂ ಕಷ್ಟ ಅನಿಸುತ್ತಿತ್ತು. ಆದರೂ ವಾರಕ್ಕೆ ಎರಡು ಸಲ ಸಮಾಧಾನದ ಸ್ನಾನ, ದಿನಾ ಜಗಳದ ಸ್ನಾನಕ್ಕಿಂತ ಒಳ್ಳೆಯದು.

ಆಯಾ ಬಾಯಿಯ ಮಗ | ಮಂಗಳವಾರ, ರಾತ್ರಿ 10:10

ನಮ್ಮ ಅವ್ವ ಎಂಟು ವರ್ಷದಿಂದ ಇಂಥ ಒಂದು ಕೇಂದ್ರದಲ್ಲಿ ಆಯಾ. ಇಲ್ಲಿ ಬರೆದದ್ದನ್ನೆಲ್ಲ ಓದಿ ಹೇಳಿದೆ. ಅವಳು ಹೇಳಿದ್ದನ್ನು ಬರೆಯುತ್ತಿದ್ದೇನೆ.

"ಪಾಟ್ಲಿ ವಿಷಯ ಸಣ್ಣದಲ್ಲ. ನನ್ನ ಮೇಲೆ ಮೂರು ಸಲ ಕಳವಿನ ಮಾತು ಬಂದಿದೆ. ಮೊದಲ ಸಲ ಅಜ್ಜಿಯ ಮಗ ನನ್ನ ಚೀಲ ತೆರೆಸಿ ನೋಡಿದರು. ಅದರಲ್ಲಿ ನನ್ನ ಬುತ್ತಿ ಡಬ್ಬಿ ಇತ್ತು. ಆಮೇಲೆ ಉಂಗುರ ಸಿಕ್ಕಿದ್ದು ಅಜ್ಜಿಯ ದಿಂಬಿನೊಳಗೆ. ನನಗೆ ಯಾರೂ ಏನೂ ಹೇಳಲಿಲ್ಲ. ದಯವಿಟ್ಟು ಮನೆಯವರು ಮೊದಲ ದಿನವೇ ಬಂಗಾರ ತೆಗೆದುಕೊಂಡು ಹೋಗಿ, ಪಟ್ಟಿ ಬರೆದು ಸಹಿ ಮಾಡಿ. ಅಜ್ಜಿ 'ಕದ್ದರು' ಅಂದಾಗ 'ಇಲ್ಲ' ಅನ್ನಬೇಡಿ, 'ಹುಡುಕೋಣ ಬರ್ರಿ' ಅನ್ನಿ. ಹುಡುಕುತ್ತಾ ಎರಡು ಕೋಣೆ ಓಡಾಡಿದರೆ ಅವರಿಗೆ ಮರೆತು ಹೋಗುತ್ತದೆ. ಒಂದು ಎಲೆಅಡಿಕೆ ಚಂಚಿಯಲ್ಲಿ ನಾಲ್ಕು ನಾಣ್ಯ, ಗಾಜಿನ ಬಳೆ ಹಾಕಿ ಸೊಂಟಕ್ಕೆ ಸಿಗಿಸಿ. ಕೈಗೆ ಏನೋ ತಾಗಿದರೆ ಧೈರ್ಯ.

"ರಾತ್ರಿ ನಾವು ಇಬ್ಬರು, ಹಿರಿಯರು ಹದಿನೆಂಟು. ಒಬ್ಬರು ಬಿದ್ದರೆ ಇನ್ನೊಬ್ಬರು ಗೇಟಿಗೆ ಹೋಗುತ್ತಾರೆ. ಒಂದು ಕಡೆ ಸೀರೆಯಿಂದ ಮಂಚಕ್ಕೆ ಕಟ್ಟುತ್ತಿದ್ದರು, ನಾನೂ ಕಟ್ಟಿದ್ದೇನೆ. ಕಟ್ಟಿದಷ್ಟೂ ಎಳೆದಾಡಿ ಮೈ ಕಿತ್ತುಕೊಳ್ಳುತ್ತಾರೆ. ಈಗ ಕಟ್ಟುವುದಿಲ್ಲ, ನಿದ್ದೆ ಬರದವರನ್ನು ನಮ್ಮ ಹತ್ತಿರ ಕೂರಿಸಿಕೊಂಡು ಬೆಳ್ಳುಳ್ಳಿ ಕೊಡುತ್ತೇವೆ, ಸುಲಿಯುತ್ತಾರೆ.

"ಹಿಂದಿನಿಂದ ಹೋಗಿ ಕೈ ಹಾಕಬೇಡಿ. ಎದುರು ಬನ್ನಿ, ಕಣ್ಣಿಗೆ ಬೀಳಿ, ಹೆಸರು ಹಿಡಿದು ಕರೆಯಿರಿ, ಆಮೇಲೆ ಕೈ ಚಾಚಿ. ಅವರು ಹಿಡಿಯಲಿ. ನಮಗೆ ಹೊಡೆತ ಬಿದ್ದಿದ್ದೆಲ್ಲ ಅವಸರ ಮಾಡಿದ ದಿನ."

ನಿವೃತ್ತ ಮಾಸ್ತರ, ಜಮಖಂಡಿ | ಬುಧವಾರ, ಬೆಳಿಗ್ಗೆ 7:00

ಎಲ್ಲ ಓದಿದೆ. ನನಗೊಂದು ಗೊಂದಲವಿದೆ. ನನ್ನ ಹೆಂಡತಿ ದಿನಾ ತನ್ನ ತಾಯಿಯನ್ನು ಕೇಳುತ್ತಾಳೆ. ತಾಯಿ ತೀರಿ ನಲವತ್ತು ವರ್ಷ ಆಯಿತು. ಮಗಳು "ಅಜ್ಜಿ ಊರಿಗೆ ಹೋಗಿದ್ದಾಳೆ ಅಂತ ಹೇಳಪ್ಪಾ" ಅನ್ನುತ್ತಾಳೆ. ಮೂವತ್ನಾಲ್ಕು ವರ್ಷ ಮಕ್ಕಳಿಗೆ ಸುಳ್ಳು ಹೇಳಬೇಡಿ ಅಂತ ಕಲಿಸಿದವನು ನಾನು. ಐವತ್ತು ವರ್ಷ ಜೊತೆಗಿದ್ದವಳಿಗೆ ಸುಳ್ಳು ಹೇಳಲು ಬಾಯಿ ಬರುವುದಿಲ್ಲ. ನಿಜ ಹೇಳಿದರೆ ಅಳುತ್ತಾಳೆ. ಮರುದಿನ ಮತ್ತೆ ಕೇಳುತ್ತಾಳೆ.

ವಿಜಯಪುರದ ಸೊಸೆ | ಬುಧವಾರ, ಬೆಳಿಗ್ಗೆ 7:40

ಗುರುಗಳೇ, ನೀವು ಪ್ರತಿ ದಿನ ಹೇಳುವಾಗ ಅವರಿಗೆ ಅದು ಪ್ರತಿ ದಿನ ಹೊಸ ಸಾವು. ನೆನಪು ಉಳಿಯುವುದಿಲ್ಲ, ದುಃಖ ಮಾತ್ರ ಮೈಯಲ್ಲಿ ಉಳಿಯುತ್ತದೆ. ಯಾಕೆ ಅಳುತ್ತಿದ್ದೇನೆ ಅಂತ ತಿಳಿಯದೆ ಸಂಜೆವರೆಗೂ ಅಳುತ್ತಾರೆ.

ವಾರ್ಡ್ ಸಿಸ್ಟರ್ | ಬುಧವಾರ, ಮಧ್ಯಾಹ್ನ 2:15

ಸರ್, ಸುಳ್ಳೂ ಬೇಡ, ತಿದ್ದುವುದೂ ಬೇಡ. ನಡುವೆ ಒಂದು ದಾರಿ ಇದೆ. ನೇಯೋಮಿ ಫೈಲ್ ಅಂತ ಒಬ್ಬ ಸಮಾಜ ಕಾರ್ಯಕರ್ತೆ ಅಮೆರಿಕದಲ್ಲಿ ಇಂಥ ಹಿರಿಯರ ಜೊತೆಯಲ್ಲೇ ಬೆಳೆದವರು. ವೃದ್ಧರನ್ನು ನಮ್ಮ ದಿನ, ನಮ್ಮ ವಾರಕ್ಕೆ ಎಳೆದು ತರುವ ಬದಲು ಅವರ ಭಾವನೆ ಹಿಡಿದು ಮಾತಾಡಿ ಅಂತ ಅವರು ಕಲಿಸಿದರು. ನಿಮ್ಮ ಮನೆಯವರು ತಾಯಿಯನ್ನು ಕೇಳಿದಾಗ, "ನಿನ್ನ ಅವ್ವ ಹೆಂಗಿದ್ದಳು? ಏನು ಚಲೋ ಅಡಿಗಿ ಮಾಡ್ತಿದ್ದಳು?" ಅಂತ ಕೇಳಿ ನೋಡಿ. ಅದರಲ್ಲಿ ಒಂದು ಅಕ್ಷರವೂ ಸುಳ್ಳಿಲ್ಲ.

ಕ್ಯಾಂಪ್ ಹುಡುಗ | ಬುಧವಾರ, ರಾತ್ರಿ 8:30

ನಮ್ಮ ಅಪ್ಪ ಮರಾಠಾ ಲೈಟ್ ಇನ್‌ಫ್ಯಾಂಟ್ರಿಯಲ್ಲಿ ಹವಾಲ್ದಾರ ಆಗಿದ್ದರು. ಬೆಳಗಾವಿಯ ಕೇಂದ್ರವೊಂದರಲ್ಲಿ ಬೆಳಗಿನ ನಾಲ್ಕಕ್ಕೆ ಎದ್ದು ಎಲ್ಲರ ಕದ ಬಡಿಯುತ್ತಿದ್ದರು. ಎಲ್ಲರೂ ತೊಂದರೆ ಅಂದರು. ಅವರು ಮಾಡುತ್ತಿದ್ದದ್ದು ಡ್ಯೂಟಿ. ರಾತ್ರಿ ಕಾವಲುಗಾರನಿಗೆ ಹೇಳಿದೆವು. ನಾಲ್ಕಕ್ಕೆ ಅಪ್ಪನಿಗೆ ಚಹಾ ಕೊಟ್ಟು, ಟಾರ್ಚ್ ಕೊಟ್ಟು, ತನ್ನ ಜೊತೆ ಕಾಂಪೌಂಡು ಸುತ್ತಿಸುತ್ತಾನೆ. ಬಂದು "ಸಬ್ ಠೀಕ್" ಅಂತ ವರದಿ ಕೊಡುತ್ತಾರೆ. ಕದ ಬಡಿಯುವುದು ನಿಂತಿತು.

ಭಾಷೆಯ ವಿಷಯ ಯಾರೂ ಬರೆದಿಲ್ಲ. ಅಪ್ಪ ಐವತ್ತು ವರ್ಷ ನಮ್ಮೊಡನೆ ಕನ್ನಡ ಮಾತಾಡಿದವರು. ಈಗ ಬರೀ ಮರಾಠಿ, ಅದೂ ಅವರ ಊರಿನ ಮರಾಠಿ. ಕೊನೆಗೆ ಕಲಿತ ಭಾಷೆ ಮೊದಲು ಹೋಗುತ್ತದೆ ಅಂತ ಡಾಕ್ಟರ್ ಹೇಳಿದರು. ಹೊರ ರಾಜ್ಯದಿಂದ ಬಂದ ಸಿಸ್ಟರ್ ಹಿಂದಿಯಲ್ಲಿ ಕೇಳುತ್ತಿದ್ದರು, ಇವರು ಸಿಟ್ಟಾಗುತ್ತಿದ್ದರು. ನಾವು ಇಪ್ಪತ್ತು ಮಾತು ಮರಾಠಿಯಲ್ಲಿ ಬರೆದು ಮಂಚದ ಹಿಂದೆ ಅಂಟಿಸಿದೆವು. ನೀರು ಬೇಕಾ, ನೋಯುತ್ತಾ, ಒಂದಕ್ಕೆ ಬಂತಾ. ಅಷ್ಟೇ.

ಮಳೆಗಾಲದಲ್ಲಿ ಇಲ್ಲಿ ಮಧ್ಯಾಹ್ನ ಎರಡಕ್ಕೇ ಮೋಡ ಕವಿದು ಕತ್ತಲಾಗುತ್ತದೆ. ಆಗ ಸಂಜೆಯ ಗಲಾಟೆ ಮಧ್ಯಾಹ್ನವೇ ಶುರು. ಜೂನ್‌ನಿಂದ ಎಲ್ಲ ಟ್ಯೂಬ್‌ಲೈಟ್ ಒಂದೂವರೆಗೇ ಹಾಕಿಸುತ್ತೇವೆ.

ಸಣ್ಣ ಕೇಂದ್ರ ನಡೆಸುವವಳು | ಗುರುವಾರ, ಮಧ್ಯಾಹ್ನ 3:00

ಕೇಂದ್ರದವರ ಕಡೆಯಿಂದ ಒಂದು ಮಾತು. 60 ದಾಟಿದ ಭಾರತೀಯರಲ್ಲಿ ಶೇ. 7.4ರಷ್ಟು ಜನರಿಗೆ, ಅಂದರೆ ಸುಮಾರು 88 ಲಕ್ಷ ಜನಕ್ಕೆ ಡಿಮೆನ್ಷಿಯಾ ಇದೆ ಅನ್ನುವ ಅಂದಾಜು 2023ರಲ್ಲಿ ಬಂತು. ನಮ್ಮ ಕಡೆ ಇವರನ್ನು ನೋಡಿಕೊಳ್ಳಲು ಕಲಿತ ಆಯಾಗಳು ಬೆರಳೆಣಿಕೆ. ಬರುವ ಕುಟುಂಬದವರು ಬಿಪಿ, ಶುಗರ್ ಫೈಲ್ ಕೊಡುತ್ತಾರೆ. ಮನುಷ್ಯ ಯಾರು ಅಂತ ಹೇಳುವುದಿಲ್ಲ. ನಾನು ಈಗ ಒಂದು ಹಾಳೆ ಬರೆಸಿಕೊಳ್ಳುತ್ತೇನೆ. ಮನೆಯಲ್ಲಿ ಏನಂತ ಕರೆಯುತ್ತಿದ್ದರು, ಏನು ಕೆಲಸ ಮಾಡಿದರು, ಚಹಾ ಯಾವಾಗ, ಯಾವ ದೇವರು, ಯಾವ ಹಾಡು, ಯಾವುದಕ್ಕೆ ಹೆದರಿಕೆ, ಯಾರು ತೀರಿಕೊಂಡಿದ್ದಾರೆ.

ಒಬ್ಬ ಅಜ್ಜಾರು ಎಲ್ಲರ ಎದುರು ಪೈಜಾಮ ಬಿಚ್ಚುತ್ತಿದ್ದರು. ಹೆಂಗಸರು ದೂರು ಕೊಟ್ಟರು. ಹಾಳೆ ಓದಿದ ಮೇಲೆ ತಿಳಿಯಿತು, ಅವರು ಜೀವಮಾನ ಇಡೀ ಧೋತರ ಉಟ್ಟವರು. ಎಲಾಸ್ಟಿಕ್ ಪೈಜಾಮ ಬಿಗಿಯುತ್ತಿತ್ತು. ಮತ್ತೆ ಪಾಯಖಾನೆ ಎಲ್ಲಿದೆ ಅಂತ ತಿಳಿಯುತ್ತಿರಲಿಲ್ಲ. ಧೋತರ ಉಡಿಸಿ, ಎರಡು ತಾಸಿಗೊಮ್ಮೆ ಕರೆದುಕೊಂಡು ಹೋದೆವು. ಆ ದೂರು ಮತ್ತೆ ಬರಲಿಲ್ಲ.

ಇನ್ನೂ ಸಣ್ಣ ಸಣ್ಣವು ಬಹಳ ಇವೆ. ಕಪ್ಪು ಕಾಲೊರೆಸು ಅವರಿಗೆ ಗುಂಡಿ ಹಾಗೆ ಕಾಣುತ್ತದೆ, ದಾಟುವುದಿಲ್ಲ. ಹೊಳೆಯುವ ಗ್ರಾನೈಟ್ ನೀರು ನಿಂತ ಹಾಗೆ. ಕನ್ನಡಿಯಲ್ಲಿ ಬೇರೆ ಯಾರೋ ಇದ್ದಾರೆ ಅಂತ ಹೆದರಿದರೆ ಕನ್ನಡಿಗೆ ಬಟ್ಟೆ ಹಾಕಿ. ಟಿವಿಯಲ್ಲಿ ಜಗಳದ ಧಾರಾವಾಹಿ, ನ್ಯೂಸ್ ಚೀರಾಟ ಬಂದ್ ಮಾಡಿ, ಅದು ಕೋಣೆಯಲ್ಲೇ ನಡೆಯುತ್ತಿದೆ ಅಂದುಕೊಳ್ಳುತ್ತಾರೆ. ಕನ್ನಡಕ ಒರೆಸಿದ್ದೀರಾ, ಕಿವಿ ಮಷಿನ್ ಬ್ಯಾಟರಿ ಇದೆಯಾ ನೋಡಿ.

ಇಂಡಿ ತಾಲೂಕಿನ ಮಗ | ಗುರುವಾರ, ರಾತ್ರಿ 9:00

ಗೇಟಿನ ವಿಷಯಕ್ಕೆ ಒಂದು. ಜರ್ಮನಿಯ ಡುಸೆಲ್‌ಡಾರ್ಫ್‌ನಲ್ಲಿ ಒಂದು ವೃದ್ಧರ ಕೇಂದ್ರದ ಎದುರು ಬಸ್ ಬಾರದ ಬಸ್ ಸ್ಟಾಪ್ ಮಾಡಿದರಂತೆ. ಮನೆಗೆ ಹೊರಟವರು ಅಲ್ಲಿ ಬಂದು ಕೂರುತ್ತಾರೆ, ಸಿಬ್ಬಂದಿ ಹೋಗಿ ಪಕ್ಕ ಕೂತು ಮಾತಾಡಿ ಒಳಗೆ ಕರೆತರುತ್ತಾರೆ. ನಮ್ಮಲ್ಲೂ ಮಾಡಬಹುದಲ್ವಾ?

ನಿವೃತ್ತ ಮಾಸ್ತರ, ಜಮಖಂಡಿ | ಶುಕ್ರವಾರ, ಬೆಳಿಗ್ಗೆ 7:10

ಬಾರದ ಬಸ್ಸಿಗೆ ಹಿರಿಯರನ್ನು ಕಾಯಿಸುವುದು ನನ್ನ ಮನಸ್ಸಿಗೆ ಒಪ್ಪುವುದಿಲ್ಲ. ಗೇಟಿನ ಒಳಗೆ ಬೇವಿನ ಮರವಿದ್ದರೆ ಅದರ ಕೆಳಗೆ ಒಂದು ಕಟ್ಟೆ ಕಟ್ಟಿಸಿ. ಸಂಜೆ ಕಟ್ಟೆಗೆ ಕೂರುವುದು ನಮ್ಮವರ ರೂಢಿ. ಅಲ್ಲಿ ಕೂತರೆ ಯಾರಿಗೂ ಯಾವ ಸುಳ್ಳೂ ಹೇಳಿದ ಹಾಗಾಗುವುದಿಲ್ಲ.

ಸಿಸ್ಟರ್ ಹೇಳಿದ ಹಾಗೆ ಕೇಳಿ ನೋಡಿದೆ. ಅವಳ ಅವ್ವ ಮಾಡುತ್ತಿದ್ದ ಹೆಸರುಕಾಳಿನ ಉಸುಳಿಯ ಬಗ್ಗೆ ಅರ್ಧ ತಾಸು ಹೇಳಿದಳು. ಮದುವೆಯಾಗಿ ಇಷ್ಟು ವರ್ಷದಲ್ಲಿ ನಾನು ಕೇಳಿರಲೇ ಇಲ್ಲ.

ನವನಗರದ ಮಗಳು | ಹನ್ನೊಂದು ದಿನದ ಮೇಲೆ, ರಾತ್ರಿ 11:00

ಎಲ್ಲರಿಗೂ ಕೈಮುಗಿಯುತ್ತೇನೆ. ನೋಟ್‌ಬುಕ್ ಬರೆದೆವು. ನಾನು ಆಫೀಸಿಗೆ ರಜೆ ಹಾಕಿ ನಾಲ್ಕು ಸಂಜೆ ಅಲ್ಲೇ ಕೂತೆ.

ಮೊದಲು ಮೂರು ವಾರದ ಗುಟ್ಟು. ಮೂತ್ರ ಪರೀಕ್ಷೆ, ರಕ್ತ ಪರೀಕ್ಷೆ ಸರಿ ಇತ್ತು. ಡಾಕ್ಟರ್ ಎಡ ತೋಳು ಮೇಲೆತ್ತಿದಾಗ ಅವ್ವ ಮುಖ ಕಿವುಚಿದಳು. ಭುಜ ಹಿಡಿದುಕೊಂಡಿದೆ. ಅದೇ ಸುಮಾರಿಗೆ ಬಚ್ಚಲಲ್ಲಿ ಜಾರಿದ್ದಳು, "ಪೆಟ್ಟಾಗಲಿಲ್ಲ" ಅಂತ ನಮಗೆ ಹೇಳಿರಲಿಲ್ಲ. ಕೇಂದ್ರದಲ್ಲಿ ಸೀರೆ ಬದಲು ನೈಟಿ ಹಾಕುತ್ತಾರೆ. ತಲೆಯ ಮೇಲಿಂದ ತೆಗೆಯಲು ತೋಳು ಎತ್ತಿಸುತ್ತಿದ್ದರು. ಗೇಟಿನಲ್ಲಿ ಹಿಡಿದು ಎಳೆಯುತ್ತಿದ್ದದ್ದೂ ಎಡಗೈಯನ್ನೇ. ಅಷ್ಟು ದಿನ ಅವಳು ನೋವಿಗೆ ಹೊಡೆಯುತ್ತಿದ್ದಳು. ಇದನ್ನು ಬರೆಯುವಾಗಲೂ ನನ್ನ ಕಣ್ಣು ತುಂಬುತ್ತಿದೆ.

ಈಗ ಸ್ನಾನಕ್ಕೆ ಮೊದಲು ಡಾಕ್ಟರ್ ಹೇಳಿದ ಪ್ರಮಾಣದಲ್ಲಿ ಪ್ಯಾರಾಸಿಟಮಾಲ್. ನೈಟಿ ಬಿಟ್ಟು ಮುಂದೆ ಹುಕ್ಕಿರುವ ಸಡಿಲ ಕುಪ್ಪಸ, ಮೆತ್ತನೆ ಸೀರೆ. ಬಕೆಟ್ಟು, ತಂಬಿಗೆ. ಸೊಸೆ ಅಕ್ಕಾ, ತಂಬಿಗೆಯ ಮಾತು ಖರೆ.

ಸಂಜೆಯ ಗುಟ್ಟು ಇನ್ನೊಂದು. ಐದಕ್ಕೆ ಆಯಾಗಳ ಪಾಳಿ ಬದಲಾಗುತ್ತದೆ. ಹಗಲಿನವರು ಚೀಲ ಹೆಗಲಿಗೆ ಹಾಕಿ, ಚಪ್ಪಲಿ ಮೆಟ್ಟಿ, "ಬರ್ತೇವ್ರಿ, ಮನೀಗಿ ಹೋಗ್ತೇವಿ" ಅಂತ ಅವ್ವನ ಎದುರೇ ಹೊರಡುತ್ತಾರೆ. ಹತ್ತು ನಿಮಿಷದಲ್ಲಿ ಅವ್ವ ಗೇಟಿನಲ್ಲಿ! ಎಲ್ಲ ಹೆಂಗಸರೂ ಮನೆಗೆ ಹೊರಟರೆ ತಾನು ಯಾಕೆ ಕೂರಬೇಕು? ಒಂಬತ್ತು ದಿನದಲ್ಲಿ ಏಳು ದಿನ ಇದೇ ಸಾಲು ಬರೆದಿದ್ದೇವೆ. ರವಿವಾರ ಹಗಲಿನವರೇ ರಾತ್ರಿಗೂ ಇದ್ದರು, ಅವತ್ತು ಅವ್ವ ಗೇಟಿಗೆ ಹೋಗಲೇ ಇಲ್ಲ.

ಈಗ ಅವರು ಅಡಿಗೆಮನೆ ಕಡೆಯ ಬಾಗಿಲಿಂದ ಹೋಗುತ್ತಾರೆ. ನಾಲ್ಕೂವರೆಗೆ ಹಿತ್ತಲಲ್ಲಿ ಅವ್ವನಿಗೆ ಚಹಾ, ಒಂದು ಮೊರ ಜೋಳ. ಹಸನು ಮಾಡುತ್ತಾಳೆ. ಆಯಾ ಬಾಯಿಯ ಮಾತಿನಂತೆ ಚಂಚಿಯೂ ಕೊಟ್ಟಿದ್ದೇವೆ.

ಎಲ್ಲ ಸರಿಯಾಗಿದೆ ಅಂತಲ್ಲ. ಹೋದ ಮಂಗಳವಾರ ಕರೆಂಟ್ ಹೋಗಿ ಮಳೆ ಬಂದಾಗ ರಾತ್ರಿ ಹನ್ನೆರಡರವರೆಗೂ ಬಾಗಿಲು ಬಡಿದಳು. ಯಾವುದಕ್ಕೂ ಬಗ್ಗಲಿಲ್ಲ. ಕೇಂದ್ರದವರು ಇನ್ನೊಂದು ತಿಂಗಳು ನೋಡೋಣ ಅಂದಿದ್ದಾರೆ.

ವಾರ್ಡ್ ಸಿಸ್ಟರ್ | ಮರುದಿನ, ಬೆಳಿಗ್ಗೆ 8:20

ಭುಜಕ್ಕೆ ಫಿಸಿಯೋ ಕೇಳಿ. ಬಿದ್ದದ್ದನ್ನು ಬರೆದಿಡಬೇಕು ಅಂತ ಕೇಂದ್ರದವರಿಗೆ ಗಟ್ಟಿಯಾಗಿ ಹೇಳಿ, ಜಗಳ ಬೇಡ. ಮಂಗಳವಾರದಂಥ ರಾತ್ರಿಗಳು ಬರುತ್ತವೆ, ನಿಮ್ಮ ತಪ್ಪಲ್ಲ. ನಿಮಗೇ ಮಾತಾಡಬೇಕೆನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416 ಇದೆ, ಕನ್ನಡದಲ್ಲೂ ಮಾತಾಡುತ್ತಾರೆ. ಹಿರಿಯರ ಸಹಾಯವಾಣಿ 14567. ಮನೋವೈದ್ಯರು ಬೇಕಾದರೆ ಬೆಂಗಳೂರಿನ ನಿಮ್ಹಾನ್ಸ್‌ವರೆಗೆ ಹೋಗಬೇಕಿಲ್ಲ, ಧಾರವಾಡದ ಡಿಮ್ಹಾನ್ಸ್ ಹತ್ತಿರ.

ಚಿಕ್ಕೋಡಿ ಕಡೆಯವ | ಮರುದಿನ, ರಾತ್ರಿ 9:10

ಅಪ್ಪನ ಗುಳಿಗೆ ಶುರುವಾಗಿ ಹದಿನಾಲ್ಕು ತಿಂಗಳು. ಯಾರೂ ತಿರುಗಿ ನೋಡಿರಲಿಲ್ಲ. ಇವತ್ತು ಡಾಕ್ಟರನ್ನು ಕೇಳಿದೆ. ಅರ್ಧಕ್ಕೆ ಇಳಿಸಿ ಒಂದು ತಿಂಗಳು ನೋಡೋಣ ಅಂದರು. ನೋಟ್‌ಬುಕ್ ತಂದಿದ್ದೇನೆ.

ನವನಗರದ ಮಗಳು | ಆ ಶನಿವಾರ, ರಾತ್ರಿ 10:30

ಇವತ್ತು ಅವ್ವ "ಮನೀಗಿ ಹೋಗೂಣು" ಅಂದಾಗ ಮೊದಲ ಸಲ ಕೇಳಿದೆ, "ಯಾವ ಮನೀಗಿ ಅವ್ವಾ, ಹೇಳು" ಅಂತ. ಹಳೇ ಬಾಗಲಕೋಟೆಯ ಮನೆ ಅಂದುಕೊಂಡಿದ್ದೆ. ಅಲ್ಲ. ಅವಳು ಹೇಳಿದ್ದು ಗುಳೇದಗುಡ್ಡದ ತನ್ನ ತವರು. ಪಡಸಾಲೆಯಲ್ಲಿ ಎರಡು ಮಗ್ಗ, ಅಪ್ಪ ಕುಪ್ಪಸದ ಖಣ ನೇಯುತ್ತಿದ್ದದ್ದು, ತಾನು ಬಾಗಿಲ ಹತ್ತಿರ ಕೂತು ಕಂಡಿಕೆ (ಲಾಳಿಯೊಳಗೆ ಹಾಕುವ ದಾರದ ಸುರುಳಿ) ಸುತ್ತುತ್ತಿದ್ದದ್ದು. "ಹೊತ್ತು ಮುಳಗೂದ್ರಾಗ ಕಂಡಿಕಿ ಮುಗೀಬೇಕು, ಇಲ್ಲಂದ್ರ ಅಪ್ಪ ಬೈತಾನ" ಅಂದಳು. ಹೇಳುವಾಗ ಎರಡೂ ಕೈ ಆಡುತ್ತಿದ್ದವು. ಬಲಗೈ ಚಕ್ರ ತಿರುಗಿಸುತ್ತಿತ್ತು, ಎಡಗೈ ದಾರ ಹಿಡಿದಿತ್ತು. ಆ ಎಡಗೈ ಅಷ್ಟು ಸಲೀಸಾಗಿ ಆಡಿದ್ದನ್ನು ನಾನು ತಿಂಗಳಿಂದ ನೋಡಿರಲಿಲ್ಲ.

ಗುಳೇದಗುಡ್ಡ, ಇಳಕಲ್ಲ ಕಡೆ ಯಾರಾದರೂ ಇದ್ದರೆ, ಕಂಡಿಕೆ ಸುತ್ತುವ ಹಳೇ ರಾಟಿ ಸಿಗುತ್ತದಾ ಹೇಳಿ. ಮುರಿದಿದ್ದರೂ ನಡೆಯುತ್ತದೆ, ರಿಪೇರಿ ಮಾಡಿಸುತ್ತೇನೆ.

ಆಯಾ ಬಾಯಿಯ ಮಗ | ಆ ಶನಿವಾರ, ರಾತ್ರಿ 10:52

ಅಕ್ಕಾ, ನಮ್ಮ ಸೋದರಮಾವನ ಊರು ಗುಳೇದಗುಡ್ಡ. ಅವರ ಮನೆಯ ಅಟ್ಟದ ಮೇಲೆ ಒಂದಿದೆ. ಮಗ್ಗ ಮಾರಿದ ಮೇಲೆ ಹಾಗೇ ಬಿದ್ದಿದೆ. ಅವ್ವ ಈಗಲೇ ಫೋನ್ ಹಚ್ಚಿದಳು. ಮುಂದಿನ ರವಿವಾರ ಮಾವ ಬೆಳಗಾವಿಗೆ ಬರುತ್ತಿದ್ದಾರೆ, ಬಸ್ಸಿನಲ್ಲಿ ತರುತ್ತಾರೆ. ದುಡ್ಡು ಬೇಡವಂತೆ. ದಾರ ಮಾತ್ರ ನೀವು ತಂದಿಡಿ, ಕೆಂಪು ಬಣ್ಣದ್ದು ಇರಲಿ ಅಂತ ಅವ್ವ ಹೇಳುತ್ತಿದ್ದಾಳೆ, ಕಣ್ಣಿಗೆ ಚೆನ್ನಾಗಿ ಕಾಣುತ್ತದೆ.